ಪಂದ್ಯಕ್ಕಷ್ಟೇ ಬರುವ ಕ್ಯಾಪ್ಟನ್

ಲಂಡನ್ನಿನ ಅಂಚಿನ ಚಿಗ್ವೆಲ್‌ನಲ್ಲಿ ಟಾಟನ್‌ಹ್ಯಾಮ್ ಹಾಟ್ಸ್‌ಪರ್ ಫುಟ್‌ಬಾಲ್ ಕ್ಲಬ್ಬಿನ ಅಭ್ಯಾಸದ ಬಯಲು. 2010ರ ಆಸುಪಾಸಿನ ಒಂದು ಬೆಳಗು. ಕೋನ್‌ಗಳ ಸಾಲಿನ ನಡುವೆ ಆಟಗಾರರು ಓಡುತ್ತಿದ್ದಾರೆ. ಇನ್ನೊಂದು ಮೂಲೆಯಲ್ಲಿ ಏಳೆಂಟು ಮಂದಿ ಸುತ್ತುಗಟ್ಟಿ ನಿಂತು, ಮುಟ್ಟಿದ ಕೂಡಲೇ ಚೆಂಡು ದಾಟಿಸುತ್ತಾರೆ. ನಡುವೆ ಸಿಕ್ಕಿಕೊಂಡ ಇಬ್ಬರು ಅದಕ್ಕಾಗಿ ಅತ್ತಿತ್ತ ಎಗರುತ್ತಾರೆ. ಗೇಲಿ, ಕೂಗು, ನಗು. ಈ ಗದ್ದಲದಲ್ಲಿ ಒಬ್ಬರು ಮಾತ್ರ ಇಲ್ಲ, ತಂಡದ ಕ್ಯಾಪ್ಟನ್, ಡಿಫೆಂಡರ್ ಲೆಡ್ಲಿ ಕಿಂಗ್. ಅವರು ಜಿಮ್ಮಿನಲ್ಲಿ ಸೈಕಲ್ ತುಳಿಯುತ್ತಿರಬೇಕು, ಇಲ್ಲವೇ ಈಜುಕೊಳದಲ್ಲಿರಬೇಕು.

ಕಾರಣ ಅವರ ಎಡ ಮಂಡಿ. ಮೂಳೆಗೆ ಮೂಳೆ ಉಜ್ಜದಂತೆ ತಡೆಯುವ ಮೃದ್ವಸ್ಥಿ ಅಲ್ಲಿ ಸವೆದುಹೋಗಿದೆ. ಶಸ್ತ್ರಚಿಕಿತ್ಸೆಗಳಿಂದಲೂ ಅದು ಸರಿಹೋಗಿಲ್ಲ. ತೊಂಬತ್ತು ನಿಮಿಷ ಆಡಿದರೆ ಮಂಡಿ ಊದಿಕೊಳ್ಳುತ್ತದೆ, ಮತ್ತೆ ಆಡುವ ಸ್ಥಿತಿಗೆ ಬರಲು ಹೆಚ್ಚುಕಡಿಮೆ ವಾರ ಹಿಡಿಯುತ್ತದೆ. ಮಂಗಳವಾರ ಓಡಿದರೆ ಶನಿವಾರ ಆಡುವಂತಿಲ್ಲ. ಮ್ಯಾನೇಜರ್ ಹ್ಯಾರಿ ರೆಡ್‌ನ್ಯಾಪ್ ಈ ಲೆಕ್ಕ ಒಪ್ಪಿಕೊಂಡರು: ಅಭ್ಯಾಸ ಬೇಡ, ಪಂದ್ಯಕ್ಕೆ ಬಂದರೆ ಸಾಕು. ಒಂದು ದಿನ ಚಕ್ಕರ್ ಹೊಡೆದ ಹುಡುಗನನ್ನು ಬೆಂಚಿನ ಮೇಲೆ ಕೂರಿಸುವ ಕೋಚ್‌ಗಳು ಈ ಕಥೆಯನ್ನು ಹುಡುಗರ ಕಿವಿಗೆ ಬೀಳದಂತೆ ನೋಡಿಕೊಳ್ಳುವುದೇ ಕ್ಷೇಮ.

2010ರ ಮೇ 5, ಮ್ಯಾಂಚೆಸ್ಟರ್ ಸಿಟಿಯ ಮೈದಾನ. ಗೆದ್ದರೆ ಟಾಟನ್‌ಹ್ಯಾಮ್‌ಗೆ ಚಾಂಪಿಯನ್ಸ್ ಲೀಗಿನ ಬಾಗಿಲು. ಎದುರಿಗೆ ಸಿಟಿಯ ಮುಂಚೂಣಿ ಆಟಗಾರರಾದ ಟೆವೆಜ್, ಅಡೆಬಯೋರ್. ಕಿಂಗ್ ಅವಸರ ಪಡುವುದಿಲ್ಲ. ಅಂಗಿ ಎಳೆಯುವುದಿಲ್ಲ, ಮೊಣಕೈ ಆಡಿಸುವುದಿಲ್ಲ. ಎದುರಾಳಿಯಿಂದ ತೋಳಳತೆ ದೂರದಲ್ಲಿ ಹಿಂದೆ ಹಿಂದೆ ಸರಿಯುತ್ತಾರೆ; ಚೆಂಡು ಅವನ ಕಾಲಿನಿಂದ ಒಂದು ಗೇಣು ಆಚೆ ಹೋದ ಗಳಿಗೆಯಲ್ಲಿ ಉದ್ದನೆಯ ಕಾಲು ಚಾಚಿ ಕಸಿದುಬಿಡುತ್ತಾರೆ. ಸಿಟಿಗೆ ಗೋಲಿಲ್ಲ. 82ನೇ ನಿಮಿಷದಲ್ಲಿ ಪೀಟರ್ ಕ್ರೌಚ್ ತಲೆಯಿಂದ ಹೊಡೆದದ್ದೇ ಪಂದ್ಯದ ಏಕೈಕ ಗೋಲು.

ಈ ಕಾಲು ಚಾಚುವ ಲೆಕ್ಕಾಚಾರ ಸೈಕಲ್ ತುಳಿದು ಬಂದದ್ದಲ್ಲ. ಕಿಂಗ್ ಪೂರ್ವ ಲಂಡನ್ನಿನವರು. ಅಲ್ಲಿನ ವಾನ್‌ಸ್ಟೆಡ್ ಫ್ಲ್ಯಾಟ್ಸ್ ಎಂಬ ವಿಶಾಲ ಬಯಲಿನಲ್ಲಿ ಸೆನ್‌ರಾಬ್ ಹುಡುಗರ ತಂಡಕ್ಕೆ ಆಡುತ್ತ ಬೆಳೆದವರು. ಮುಂದೆ ಇಂಗ್ಲೆಂಡ್ ತಂಡದ ಡಿಫೆಂಡರ್ ಆದ ಜಾನ್ ಟೆರ್ರಿ ಅಲ್ಲಿ ಅವರ ಜತೆಗಾರ. 2006ರ ನವೆಂಬರಿನಲ್ಲಿ ಚೆಲ್ಸಿಯ ಅರ್ಯೆನ್ ರಾಬೆನ್ ಒಬ್ಬಂಟಿಯಾಗಿ ಗೋಲಿನತ್ತ ನುಗ್ಗಿದಾಗ, ಕಿಂಗ್ ಹಿಂದಿನಿಂದ ಓಡಿಬಂದು ರಾಬೆನ್‌ರನ್ನು ಬೀಳಿಸದೆ ಚೆಂಡನ್ನಷ್ಟೇ ಕಿತ್ತುಕೊಂಡರಲ್ಲ, ಆ ವೇಗ ಮುಂದೆ ಮಂಡಿ ಕೈಕೊಟ್ಟಾಗ ಕುಂದಿರಬಹುದು, ಕಣ್ಣು ಕುಂದಲಿಲ್ಲ.

ಹಾಗೆಂದು ವೃತ್ತಿಪರನಿಗೆ ಅಭ್ಯಾಸ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಎದುರಾಳಿಯನ್ನು ಆಫ್‌ಸೈಡಿನಲ್ಲಿ ಸಿಕ್ಕಿಸಲು ಡಿಫೆಂಡರ್‌ಗಳ ಸಾಲು ಒಟ್ಟಿಗೆ ಮುಂದೆ ಸರಿಯಬೇಕು. ವಾರವಿಡೀ ಬೇರೊಬ್ಬರ ಪಕ್ಕದಲ್ಲಿ ಅದನ್ನು ತಾಲೀಮು ಮಾಡಿದ ಜತೆ ಡಿಫೆಂಡರ್ ಮೈಕಲ್ ಡಾಸನ್, ಪಂದ್ಯದ ದಿನ ಕಿಂಗ್ ಜತೆ ಹೊಂದಿಕೊಳ್ಳಬೇಕು. ಹತ್ತು ಮಂದಿ ಬೆವರು ಹರಿಸಿದ್ದರಿಂದಲೇ ಹನ್ನೊಂದನೆಯವರಿಗೆ ವಿನಾಯಿತಿ ಸಿಕ್ಕಿತು. ಅಂಥ ಮಂಡಿಯವರು ಇನ್ನಿಬ್ಬರಿದ್ದರೆ ರೆಡ್‌ನ್ಯಾಪ್ ಏನು ಮಾಡುತ್ತಿದ್ದರೋ!

2010ರ ಜೂನ್ 12ರಂದು ದಕ್ಷಿಣ ಆಫ್ರಿಕಾದ ರಸ್ಟೆನ್‌ಬರ್ಗ್‌ನಲ್ಲಿ ಇಂಗ್ಲೆಂಡಿನ ವಿಶ್ವಕಪ್ ಆರಂಭವಾದಾಗ ಕಿಂಗ್ ತಂಡದಲ್ಲಿದ್ದರು. ಅಮೆರಿಕದ ವಿರುದ್ಧ ಅರ್ಧ ಆಟ ಮುಗಿಯುವಷ್ಟರಲ್ಲಿ ತೊಡೆಸಂದಿನ ಸ್ನಾಯು ಕೈಕೊಟ್ಟಿತು. ಎರಡನೇ ಅವಧಿಗೆ ಅವರ ಬದಲು ಜೇಮಿ ಕ್ಯಾರಗರ್ ಇಳಿದರು. 2012ರ ಜುಲೈನಲ್ಲಿ, 31ನೇ ವಯಸ್ಸಿಗೆ, ಕಿಂಗ್ ಆಟವನ್ನೇ ಬಿಟ್ಟರು. ಅಷ್ಟರಲ್ಲಿ ಟಾಟನ್‌ಹ್ಯಾಮ್ ಎಂಬ ಒಂದೇ ಕ್ಲಬ್ಬಿಗೆ 323 ಪಂದ್ಯ ಆಡಿ ಮುಗಿಸಿದ್ದರು.