ಮನೆಯಲ್ಲಿ ಜೋಡಿಸಿದ ಹೊಸ ಗಣಕಯಂತ್ರ: ಧ್ವನಿ ಮತ್ತು ಯಂತ್ರಾಂಗ ದೋಷಗಳ ಪತ್ತೆ

ಬೀದರ್ ನಗರ, ಭಾಲ್ಕಿ ಹಾಗೂ ಔರಾದ್ ಭಾಗದ ವ್ಯಾಪಾರಸ್ಥರ ಮನೆಗಳಲ್ಲಿ ಗಣಕಯಂತ್ರವು ಇಂದು ಅಲಂಕಾರದ ವಸ್ತುವಾಗಿ ಉಳಿದಿಲ್ಲ. ಹಗಲಿನಲ್ಲಿ ಅಂಗಡಿಯ ಲೆಕ್ಕಪತ್ರ, ಜಿಎಸ್‌ಟಿ ವಿವರಪಟ್ಟಿ ಸಲ್ಲಿಕೆ ಮತ್ತು ಇ-ವೇ ಬಿಲ್ಲಿನ ಕೆಲಸವಾದರೆ, ಸಂಜೆ ಮಕ್ಕಳ ಪಾಠ ಅದೇ ಯಂತ್ರದಲ್ಲಿ ನಡೆಯುತ್ತದೆ. ಕಂಪನಿಯ ಸಿದ್ಧ ಯಂತ್ರವನ್ನು ಕೊಳ್ಳುವ ಬದಲು ಬಿಡಿಭಾಗಗಳನ್ನು ತಂದು ಜೋಡಿಸಿಕೊಂಡರೆ ಅದೇ ಹಣಕ್ಕೆ ಹೆಚ್ಚಿನ ಸಾಮರ್ಥ್ಯ ದೊರೆಯುತ್ತದೆಂಬುದು ಬಹುತೇಕ ನಿಜ. ಆದರೆ ಜೋಡಿಸಿದ ಯಂತ್ರಕ್ಕೆ ಒಟ್ಟಾರೆಯಾಗಿ ಹೊಣೆ ಹೊರುವ ಒಂದೇ ಕಂಪನಿ ಇರುವುದಿಲ್ಲ. ಮದರ್‌ಬೋರ್ಡ್ ಒಬ್ಬರದು, ಪ್ರೊಸೆಸರ್ ಇನ್ನೊಬ್ಬರದು, ಎಸ್‌ಎಂಪಿಎಸ್ ಮತ್ತೊಬ್ಬರದು. ಪ್ರತಿಯೊಂದಕ್ಕೂ ವಾರಂಟಿ ಬೇರೆ. ಆದ್ದರಿಂದ ದೋಷ ಯಾವ ಭಾಗದಲ್ಲಿದೆ ಎಂಬುದನ್ನು ಕಂಡುಕೊಳ್ಳುವ ಹೊಣೆ ಮೊದಲು ಮಾಲೀಕನ ಮೇಲೆಯೇ ಬೀಳುತ್ತದೆ.

ಈ ಲೇಖಕನ ಮನೆಯಲ್ಲಿಯೇ ನಡೆದ ಸಂಗತಿಯೊಂದನ್ನು ಇಲ್ಲಿ ಹೇಳುವುದು ಉಚಿತ. ಹೊಸದಾಗಿ ಜೋಡಿಸಿದ ಯಂತ್ರದಲ್ಲಿ ಎಲ್ಲವೂ ಸರಿಯಿತ್ತು, ಧ್ವನಿ ಮಾತ್ರ ಬರುತ್ತಿರಲಿಲ್ಲ. ಸ್ಪೀಕರ್ ಬದಲಿಸಿದ್ದಾಯಿತು, ತಂತಿ ಬದಲಿಸಿದ್ದಾಯಿತು. ಕೊನೆಗೆ ಒಂದು ದಿನ ಅಂಗಡಿ ಮುಚ್ಚಿ, ಕ್ಯಾಬಿನೆಟ್ಟನ್ನು ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದಿಗೆ ಒಯ್ಯಲಾಯಿತು. ಅಲ್ಲಿನ ತಂತ್ರಜ್ಞರು ಎರಡು ನಿಮಿಷದಲ್ಲಿ ಧ್ವನಿ ಬರಿಸಿದರು. ಯಾವ ಭಾಗವೂ ಕೆಟ್ಟಿರಲಿಲ್ಲ. ವಿಂಡೋಸ್ ಧ್ವನಿಯನ್ನು ಸ್ಪೀಕರಿಗೆ ಕಳಿಸುವ ಬದಲು ಎಚ್‌ಡಿಎಂಐ ತಂತಿಯ ಮೂಲಕ ಮಾನಿಟರಿಗೆ ಕಳಿಸುತ್ತಿತ್ತು, ಆ ಮಾನಿಟರಿನಲ್ಲಿ ಸ್ಪೀಕರೇ ಇರಲಿಲ್ಲ. ಸಂತೋಷದಿಂದ ಮರಳಿ ಮನೆಗೆ ತಂದು ಹಚ್ಚಿದರೆ ಪರದೆಯೇ ಕಪ್ಪು! ದಾರಿಯ ಕುಲುಕಾಟಕ್ಕೆ ಭಾರವಾದ ಗ್ರಾಫಿಕ್ಸ್ ಕಾರ್ಡ್ ತನ್ನ ಸ್ಲಾಟಿನಿಂದ ಅಲುಗಿತ್ತು. ಇಲ್ಲದ ದೋಷವನ್ನು ಹುಡುಕಲು ಹೋಗಿ ಇರುವ ದೋಷವೊಂದನ್ನು ಹೊತ್ತು ತಂದಂತಾಯಿತು. ಇಂತಹ ಪ್ರಯಾಸ ಸದಸ್ಯ ಬಾಂಧವರಿಗೆ ತಪ್ಪಲಿ ಎಂಬುದೇ ಈ ಲೇಖನದ ಉದ್ದೇಶ.

ಪರೀಕ್ಷೆಯ ಮೂಲ ನಿಯಮಗಳು

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಬೇಕು. ತಂತಿ, ಡ್ರೈವರ್, ರ‍್ಯಾಮ್ ಮೂರನ್ನೂ ಒಟ್ಟಿಗೆ ಬದಲಿಸಿದರೆ, ಯಂತ್ರ ಸರಿಯಾದರೂ ಕಾರಣ ತಿಳಿಯುವುದಿಲ್ಲ. ಖರ್ಚಿಲ್ಲದ ಪರೀಕ್ಷೆಯಿಂದ ಖರ್ಚಿನ ಪರೀಕ್ಷೆಗೆ, ಹೊರಗಿನ ತಂತಿಯಿಂದ ಒಳಗಿನ ಭಾಗಕ್ಕೆ ಸಾಗಬೇಕು. ಮಾಡಿದ ಪ್ರತಿಯೊಂದು ಕ್ರಮವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಒಳ್ಳೆಯದು. ಮುಂದೆ ವಾರಂಟಿಯ ಮಾತು ಬಂದಾಗ ಆ ಬರಹವೇ ಸಾಕ್ಷಿಯಾಗುತ್ತದೆ.

ಕ್ಯಾಬಿನೆಟ್ ತೆರೆಯುವ ಮುನ್ನ ವಿದ್ಯುತ್ ಪ್ಲಗ್ ತೆಗೆದು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹೊರಹಾಕಬೇಕು. ನಂತರ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಕಳೆಯಬೇಕು. ಒಣ ಹವೆಯಿರುವ ಚಳಿಗಾಲದಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಅವಶ್ಯ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಯಂತ್ರ ಆರಂಭವಾಗದಿದ್ದರೆ

ಗುಂಡಿ ಒತ್ತಿದರೂ ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್‌ನ ಹಿಂಭಾಗದ ಸ್ವಿಚ್, ಮದರ್‌ಬೋರ್ಡಿನ 24 ಪಿನ್ನಿನ ತಂತಿ ಹಾಗೂ ಮುಂಭಾಗದ ಪವರ್ ಗುಂಡಿಯ ಸಣ್ಣ ತಂತಿ, ಈ ಮೂರನ್ನು ಮೊದಲು ನೋಡಬೇಕು. ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ, ಪ್ರೊಸೆಸರಿನ ಪಕ್ಕದ 8 ಪಿನ್ನಿನ ವಿದ್ಯುತ್ ತಂತಿಯನ್ನು ಹಚ್ಚಲು ಮರೆತಿರುವ ಸಾಧ್ಯತೆಯೇ ಹೆಚ್ಚು. ಹೊಸದಾಗಿ ಜೋಡಿಸುವವರು ಪದೇ ಪದೇ ಮಾಡುವ ತಪ್ಪು ಇದು.

ಎರಡನೆಯದು ರ‍್ಯಾಮ್. ಎರಡೂ ತುದಿಯ ಚಿಲಕ ಟಕ್ಕೆಂದು ಕೂರುವವರೆಗೆ ಒತ್ತಬೇಕು; ಕೆಲವು ಬೋರ್ಡುಗಳಲ್ಲಿ ಚಿಲಕ ಒಂದೇ ಬದಿಗೆ ಇರುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ರ‍್ಯಾಮ್ ಹಾಕುವಾಗ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಹಾಗೂ ನಾಲ್ಕನೆಯ ಸ್ಲಾಟುಗಳನ್ನು ಬಳಸಬೇಕು. ಡಿಡಿಆರ್5 ಮಾದರಿಯ ರ‍್ಯಾಮ್ ಇದ್ದರೆ ಮೊದಲ ಆರಂಭಕ್ಕೆ ಹಲವು ನಿಮಿಷಗಳೇ ಹಿಡಿಯಬಹುದು. ಬೋರ್ಡು ಆ ರ‍್ಯಾಮಿಗೆ ತಕ್ಕ ವೇಗವನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಅಷ್ಟರಲ್ಲಿಯೇ ಕೆಟ್ಟಿದೆಯೆಂದು ತಿಳಿದು ಪ್ಲಗ್ ಕೀಳಬಾರದು.

ಮೂರನೆಯದು ಮಾನಿಟರಿನ ತಂತಿ. ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ತಂತಿಯನ್ನು ಆ ಕಾರ್ಡಿಗೇ ಹಚ್ಚಬೇಕು, ಮದರ್‌ಬೋರ್ಡಿಗಲ್ಲ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿದ್ದರೆ ಅದರೊಳಗೆ ಚಿತ್ರ ಮೂಡಿಸುವ ಭಾಗವೇ ಇರುವುದಿಲ್ಲ. ಕಾರ್ಡಿಲ್ಲದೆ ಅಂತಹ ಯಂತ್ರ ಪರದೆಯ ಮೇಲೆ ಏನನ್ನೂ ತೋರಿಸದು. ಅಗ್ಗವೆಂದು ಎಫ್ ಮಾದರಿ ಕೊಂಡವರು ಈ ಮಾತನ್ನು ನೆನಪಿಡಬೇಕು.

ಈಚಿನ ಹಲವು ಮದರ್‌ಬೋರ್ಡುಗಳಲ್ಲಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಮತ್ತು ಬೂಟ್ ಎಂಬ ನಾಲ್ಕು ಸಣ್ಣ ದೀಪಗಳಿರುತ್ತವೆ. ಆರಂಭದ ಹಂತದಲ್ಲಿ ಯಾವ ದೀಪ ಉರಿಯುತ್ತಲೇ ನಿಲ್ಲುತ್ತದೋ ಅಲ್ಲಿ ತೊಡಕಿದೆ ಎಂದು ತಿಳಿಯಬೇಕು. ಇದನ್ನು ಫೋನಿನಲ್ಲಿ ಹೇಳಿದರೂ ಮಾರಾಟಗಾರರಿಗೆ ಅರ್ಧ ವಿಷಯ ತಿಳಿಯುತ್ತದೆ.

ಧ್ವನಿ ಬಾರದಿದ್ದರೆ

ಮೊದಲು ಸ್ಪೀಕರನ್ನು ಮೊಬೈಲ್ ಫೋನಿಗೆ ಹಚ್ಚಿ ನೋಡಬೇಕು. ಅಲ್ಲಿ ಧ್ವನಿ ಬಂದರೆ ಸ್ಪೀಕರ್ ನಿರ್ದೋಷಿ. ಬಳಿಕ ಪರದೆಯ ಕೆಳಮೂಲೆಯ ಸ್ಪೀಕರ್ ಚಿಹ್ನೆಯನ್ನು ಒತ್ತಿ, ಧ್ವನಿ ಹೊರಹೋಗುವ ಸಾಧನವಾಗಿ ಯಾವುದು ಆಯ್ಕೆಯಾಗಿದೆ ಎಂದು ನೋಡಬೇಕು. ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ತಂತಿ ಚಿತ್ರದ ಜೊತೆಗೆ ಧ್ವನಿಯನ್ನೂ ಒಯ್ಯುವುದರಿಂದ ಮಾನಿಟರ್ ಕೂಡ ಧ್ವನಿ ಸಾಧನವೆಂದೇ ಪಟ್ಟಿಯಲ್ಲಿ ಸೇರುತ್ತದೆ. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಹಾಕಿದಾಗ ಆಯ್ಕೆ ತಾನಾಗಿಯೇ ಅತ್ತ ಸರಿಯುವುದುಂಟು.

ಆಯ್ಕೆ ಸರಿಯಿದ್ದರೆ ಕ್ಯಾಬಿನೆಟ್ಟಿನ ಹಿಂಭಾಗದ ಹಸಿರು ಜ್ಯಾಕ್ ನೋಡಿರಿ. ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಹೊರಗಿನ ಧ್ವನಿಯನ್ನು ಒಳತರುವುದಕ್ಕೆ. ಹಿಂಭಾಗದಲ್ಲಿ ಧ್ವನಿ ಬಂದು ಮುಂಭಾಗದ ಜ್ಯಾಕಿನಲ್ಲಿ ಮಾತ್ರ ಬಾರದಿದ್ದರೆ ಮದರ್‌ಬೋರ್ಡ್ ಸರಿಯಾಗಿದೆ. ಮುಂಭಾಗದಿಂದ ಬರುವ ಧ್ವನಿ ತಂತಿಯನ್ನು ಹಚ್ಚಿಲ್ಲ ಅಥವಾ ತಪ್ಪಾಗಿ ಹಚ್ಚಲಾಗಿದೆ. ಈ ತಂತಿಯ ತುದಿಗೂ ಯುಎಸ್‌ಬಿ 2.0 ತಂತಿಯ ತುದಿಗೂ ಒಂದೇ ಅಳತೆ, ಎರಡಕ್ಕೂ ಒಂಬತ್ತು ಪಿನ್. ಭೇದ ಇಷ್ಟೇ: ಧ್ವನಿಯ ಕನೆಕ್ಟರಿನಲ್ಲಿ 8ನೆಯ ಪಿನ್ನಿನ ಸ್ಥಾನ ಖಾಲಿ, ಯುಎಸ್‌ಬಿಯಲ್ಲಿ 9ನೆಯದು ಖಾಲಿ. ಬಲವಂತದಿಂದ ಒತ್ತಿದರೆ ಪಿನ್ ಬಾಗುತ್ತದೆ, ಬಾಗಿದ ಪಿನ್ನಿಗೆ ವಾರಂಟಿ ದೊರೆಯುವುದು ದುರ್ಲಭ. ಹಳೆಯ ಕ್ಯಾಬಿನೆಟ್ಟನ್ನೇ ಉಳಿಸಿಕೊಂಡವರಲ್ಲಿ ಎಸಿ97 ಮತ್ತು ಎಚ್‌ಡಿ ಆಡಿಯೋ ಎಂಬ ಎರಡು ತುದಿಗಳು ಇರಬಹುದು. ಮೊದಲನೆಯದು 1997ರ ಪದ್ಧತಿ, ಎರಡನೆಯದು 2004ರದು. ಇಂದಿನ ಬೋರ್ಡಿಗೆ ಎಚ್‌ಡಿ ಆಡಿಯೋ ತುದಿಯನ್ನೇ ಹಚ್ಚಬೇಕು.

ಪಟ್ಟಿಯಲ್ಲಿ ಧ್ವನಿ ಸಾಧನವೇ ಕಾಣದಿದ್ದರೆ ಡಿವೈಸ್ ಮ್ಯಾನೇಜರ್ ತೆರೆದು ಹಳದಿ ಗುರುತು ಇದೆಯೇ ಎಂದು ನೋಡಬೇಕು. ಇದ್ದರೆ ಡ್ರೈವರಿನ ಕೊರತೆ. ಅದನ್ನು ಮದರ್‌ಬೋರ್ಡ್ ತಯಾರಕರ ಅಧಿಕೃತ ತಾಣದಿಂದ, ಬೋರ್ಡಿನ ನಿಖರ ಮಾದರಿ ಸಂಖ್ಯೆಯ ಆಧಾರದ ಮೇಲೆ ಪಡೆಯಬೇಕು. ಎಲ್ಲ ಡ್ರೈವರುಗಳನ್ನೂ ಪುಕ್ಕಟೆಯಾಗಿ ಹಾಕಿಕೊಡುವೆವೆನ್ನುವ ಅಪರಿಚಿತ ತಂತ್ರಾಂಶಗಳನ್ನು ಲೆಕ್ಕಪತ್ರವಿರುವ ಯಂತ್ರಕ್ಕೆ ಸೇರಿಸಬಾರದು. ಗುರುತೂ ಇಲ್ಲ, ಸಾಧನವೂ ಇಲ್ಲವೆಂದಾದರೆ ಬಯೋಸ್ ಒಳಹೊಕ್ಕು ಎಚ್‌ಡಿ ಆಡಿಯೋ ಸ್ಥಗಿತವಾಗಿದೆಯೇ ಎಂದು ಪರಿಶೀಲಿಸಬೇಕು.

ಇಷ್ಟಾದರೂ ಫಲವಿಲ್ಲವೆಂದರೆ ನಿರ್ಣಾಯಕ ಪರೀಕ್ಷೆಯೊಂದಿದೆ. ಉಬುಂಟುವಿನಂತಹ ಲಿನಕ್ಸ್ ವ್ಯವಸ್ಥೆಯನ್ನು ಪೆನ್ ಡ್ರೈವಿಗೆ ಹಾಕಿ, ಯಂತ್ರದಲ್ಲಿ ಸ್ಥಾಪಿಸದೆ ಅದರಿಂದಲೇ ನಡೆಸಿ ನೋಡಬೇಕು. ಅಲ್ಲಿ ಧ್ವನಿ ಬಂದರೆ ಯಂತ್ರಾಂಗ ಖಂಡಿತವಾಗಿ ಸರಿಯಿದೆ, ದೋಷ ವಿಂಡೋಸ್‌ನಲ್ಲಿದೆ. ಬಾರದಿದ್ದರೆ ಮಾತ್ರ ಯಂತ್ರಾಂಗದ ಮೇಲೆ ಸಂಶಯ ಬಲವಾಗುತ್ತದೆಯೇ ಹೊರತು ಅದೇ ಪೂರ್ಣ ಸಾಕ್ಷಿಯಲ್ಲ. ತೀರ ಹೊಸ ಬೋರ್ಡನ್ನು ಲಿನಕ್ಸ್ ಗುರುತಿಸದಿರುವುದೂ ಉಂಟು. ವಾರಂಟಿ ಮುಗಿದ ಬೋರ್ಡಿನ ಧ್ವನಿ ಭಾಗ ಮಾತ್ರ ಕೆಟ್ಟಿದ್ದರೆ ಬೋರ್ಡು ಬದಲಿಸುವ ಅಗತ್ಯವಿಲ್ಲ. ಕೆಲವು ನೂರು ರೂಪಾಯಿಗಳ ಯುಎಸ್‌ಬಿ ಸೌಂಡ್ ಕಾರ್ಡ್ ಸಾಕು.

ಗುಂಯ್ ಎನ್ನುವ ಶಬ್ದ ಮತ್ತು ನಮ್ಮ ನೆಲದ ಅರ್ಥಿಂಗ್

ಧ್ವನಿಯ ಹಿಂದೆ ನಿರಂತರವಾಗಿ ಗುಂಯ್ ಎಂಬ ಶಬ್ದ ಕೇಳಿಬಂದರೆ ಅದು ಹೆಚ್ಚಾಗಿ 50 ಆವರ್ತಗಳ ವಿದ್ಯುತ್ತಿನದೇ ಶಬ್ದ. ಗಣಕಯಂತ್ರ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಗೋಡೆಯ ಸಾಕೆಟ್ಟಿನಲ್ಲಿ ಇದ್ದು, ಎರಡರ ಅರ್ಥಿಂಗ್ ಸಮವಾಗಿರದಿದ್ದರೆ ಧ್ವನಿ ತಂತಿಯ ಹೊರಕವಚದ ಮೂಲಕ ಅಲ್ಪ ವಿದ್ಯುತ್ ಹರಿದು ಈ ಶಬ್ದ ಹುಟ್ಟುತ್ತದೆ. ಗಣಕಯಂತ್ರದ ಬದಲು ಚಾರ್ಜರ್ ಹಚ್ಚದ ಮೊಬೈಲನ್ನು ಆ ಸ್ಪೀಕರಿಗೆ ಜೋಡಿಸಿದಾಗ ಶಬ್ದ ನಿಂತರೆ ಕಾರಣ ಇದೇ ಎಂದು ತಿಳಿಯಬಹುದು. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಚ್ಚಿದರೆ ಬಹುಮಟ್ಟಿಗೆ ಪರಿಹಾರವಾಗುತ್ತದೆ. ವಿದ್ಯುತ್ ಹೋಗಿ ಇನ್ವರ್ಟರ್ ಹತ್ತಿದಾಗ ಮಾತ್ರ ಶಬ್ದ ಬರುತ್ತಿದ್ದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಪರಿಣಾಮವಾಗಿರಬಹುದು.

ಶಬ್ದ ನಿಲ್ಲಲೆಂದು ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿಯುವುದು, ಇಲ್ಲವೆ ಎರಡು ಪಿನ್ನಿನ ಸಾಕೆಟ್ಟಿಗೆ ಹಚ್ಚುವುದು ಅತ್ಯಂತ ಅಪಾಯಕಾರಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳ ಕಾರಣದಿಂದ, ಅರ್ಥಿಂಗ್ ಇಲ್ಲದ ಕ್ಯಾಬಿನೆಟ್ಟಿನ ಲೋಹದ ಮೈಮೇಲೆ 230 ವೋಲ್ಟಿನ ಸುಮಾರು ಅರ್ಧದಷ್ಟು ವಿದ್ಯುದೊತ್ತಡ ನಿಲ್ಲುತ್ತದೆ. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆನ್ನುವುದು ಇದರಿಂದಲೇ. ಇದೇ ಸ್ಥಿತಿಯಲ್ಲಿ ಎಚ್‌ಡಿಎಂಐ ತಂತಿಯನ್ನು ಟಿವಿಗೆ ಹಚ್ಚಿ ತೆಗೆದರೆ ಪೋರ್ಟ್ ಸುಟ್ಟುಹೋಗಬಹುದು. ಎಸ್‌ಎಂಪಿಎಸ್‌ನ ನಿರೋಧನ ಕೆಟ್ಟ ದಿನವಂತೂ ಜೀವಕ್ಕೇ ಕುತ್ತು.

ಈ ವಿಷಯದಲ್ಲಿ ನಮ್ಮ ಭೂಮಿಯ ಗುಣವನ್ನೂ ಗಮನಿಸಬೇಕು. ಬೀದರ್ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ರಂಧ್ರಮಯವಾದ ಈ ಕಲ್ಲಿನಲ್ಲಿ ನೀರು ಬೇಗ ಇಂಗಿ, ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗುತ್ತದೆ. ಭಾಲ್ಕಿ, ಔರಾದ್ ಕಡೆಯ ಎರೆಭೂಮಿ ತೇವ ಹಿಡಿಯುತ್ತದೆಯಾದರೂ ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗ್ ಪೈಪಿನ ಸುತ್ತ ಸಂದು ಉಂಟಾಗುತ್ತದೆ. ಎರಡೂ ಕಡೆ ಗುಂಡಿಗೆ ಆಗಾಗ ನೀರು ಹಾಕುವುದು ಅವಶ್ಯ. ಪರವಾನಗಿ ಹೊಂದಿದ ಎಲೆಕ್ಟ್ರಿಶಿಯನ್‌ರಿಂದ ಸಾಕೆಟ್ಟಿನ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಬೇಕು. ಅದು 2-3 ವೋಲ್ಟಿಗಿಂತ ಹೆಚ್ಚಿದ್ದರೆ ವೈರಿಂಗ್ ಅಥವಾ ಅರ್ಥಿಂಗ್ ದುರಸ್ತಿಯಾಗಬೇಕೆಂದೇ ಅರ್ಥ. ಹೊಸ ಯಂತ್ರಕ್ಕೆ ಹಣ ಹಾಕುವ ಮುನ್ನ ಈ ಖರ್ಚು ಮಾಡುವುದು ಲೇಸು.

ತಾನಾಗಿಯೇ ನಿಲ್ಲುವ ಯಂತ್ರ

ಕೆಲಸದ ನಡುವೆ ಯಂತ್ರ ನಿಂತುಹೋದರೆ ಮೊದಲು ಶಾಖವನ್ನು ಸಂಶಯಿಸಬೇಕು. ನಮ್ಮ ಬೇಸಿಗೆಯ ತಾಪ 40 ಡಿಗ್ರಿ ದಾಟುವಂಥದು. ಪ್ರೊಸೆಸರಿನ ಕೂಲರ್ ತಳದ ಪಾರದರ್ಶಕ ಹಾಳೆಯನ್ನು ತೆಗೆಯದೆ ಕೂರಿಸಿರುವುದು, ಥರ್ಮಲ್ ಪೇಸ್ಟ್ ಹಚ್ಚದಿರುವುದು, ಫ್ಯಾನಿನಲ್ಲಿ ಕೆಂಪು ಧೂಳು ತುಂಬಿರುವುದು ಸಾಮಾನ್ಯ ಕಾರಣಗಳು. ಶಾಖ ಸರಿಯಿದ್ದು ನೀಲಿ ಪರದೆ ಬರುತ್ತಿದ್ದರೆ ವಿಂಡೋಸ್‌ನಲ್ಲಿಯೇ ಇರುವ ಮೆಮೊರಿ ಪರೀಕ್ಷೆಯನ್ನು ಒಂದೊಂದೇ ರ‍್ಯಾಮ್ ಇಟ್ಟು ನಡೆಸಬೇಕು. ಭಾರವಾದ ಕೆಲಸದಲ್ಲಿ ಅಥವಾ ಯುಪಿಎಸ್ ಮೇಲೆ ಹೋದ ಕ್ಷಣದಲ್ಲಿ ಮಾತ್ರ ನಿಲ್ಲುತ್ತಿದ್ದರೆ ಎಸ್‌ಎಂಪಿಎಸ್ ಅಥವಾ ಯುಪಿಎಸ್ ಸಾಮರ್ಥ್ಯ ಸಾಲದೆಂದು ತಿಳಿಯಬೇಕು. ಎಸ್‌ಎಂಪಿಎಸ್‌ನಲ್ಲಿ ಉಳಿತಾಯ ಮಾಡುವುದೆಂದರೆ ಅಡಿಪಾಯದಲ್ಲಿ ಸಿಮೆಂಟ್ ಉಳಿಸಿದಂತೆ. ಲೆಕ್ಕಪತ್ರದ ಪ್ರತಿಯನ್ನು ಪ್ರತಿದಿನ ಬೇರೊಂದು ಡ್ರೈವಿನಲ್ಲಿ ತೆಗೆದಿಡುವುದು ಎಲ್ಲ ಪರೀಕ್ಷೆಗಳಿಗಿಂತ ಮೊದಲಿನ ಕರ್ತವ್ಯ.

ಬಿಲ್ಲು, ವಾರಂಟಿ ಮತ್ತು ಕಾನೂನು

ದೋಷ ಪತ್ತೆಯಾದ ಮೇಲೆ ಅದರ ಫಲ ದೊರೆಯುವುದು ಬಿಲ್ಲಿನಿಂದ. ಒಟ್ಟು ಮೊತ್ತದ ಒಂದೇ ಸಾಲಿನ ಬಿಲ್ಲು ಸಾಲದು. ಪ್ರತಿ ಭಾಗದ ಹೆಸರು, ಮಾದರಿ ಹಾಗೂ ಸೀರಿಯಲ್ ನಂಬರ್ ಅದರಲ್ಲಿರಬೇಕು. ಮದರ್‌ಬೋರ್ಡಿನ ಸಾಕೆಟ್ ಮುಚ್ಚಳ ಹಾಗೂ ಪೆಟ್ಟಿಗೆಗಳನ್ನು ವಾರಂಟಿ ಮುಗಿಯುವವರೆಗೆ ಕಾದಿರಿಸಬೇಕು. ವ್ಯವಹಾರಕ್ಕೆಂದು ಕೊಳ್ಳುವ ನೋಂದಾಯಿತ ವ್ಯಾಪಾರಸ್ಥರು ಹೈದರಾಬಾದಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆ ನೀಡಿ ಐಜಿಎಸ್‌ಟಿ ಬಿಲ್ಲನ್ನೇ ಕೇಳಬೇಕು. ತೆಲಂಗಾಣದ ರಾಜ್ಯ ತೆರಿಗೆ ಹಾಕಿದ ಬಿಲ್ಲಿನಿಂದ ಕರ್ನಾಟಕದ ನೋಂದಣಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಕೇವಲ ಮನೆಬಳಕೆಯ ಯಂತ್ರಕ್ಕೆ ಈ ಜಮೆ ಯಾವ ರೀತಿಯಲ್ಲಿಯೂ ಇಲ್ಲ.

ವಾರಂಟಿ ನಿರಾಕರಿಸಲ್ಪಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಬೀದರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೂ ದೂರು ಸಲ್ಲಿಸಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಅವಧಿ ಎರಡು ವರ್ಷ. ಈ ಕಾಯಿದೆಯಡಿ ಗ್ರಾಹಕರು ತಾವು ವಾಸಿಸುವ ಸ್ಥಳದಲ್ಲಿಯೇ ದೂರು ಹೂಡಬಹುದಾದ್ದರಿಂದ ಹೈದರಾಬಾದಿನಲ್ಲಿ ಕೊಂಡ ವಸ್ತುವಿಗೂ ಬೀದರಿನಲ್ಲಿಯೇ ನ್ಯಾಯ ಕೇಳಬಹುದು. ಆದರೆ ವಾಣಿಜ್ಯ ಉದ್ದೇಶದ ಖರೀದಿ ಇದರ ವ್ಯಾಪ್ತಿಗೆ ಬರುವುದಿಲ್ಲ. ಸ್ವಉದ್ಯೋಗದ ಜೀವನೋಪಾಯಕ್ಕಾಗಿ ತಾವೇ ಬಳಸುವ ಯಂತ್ರಕ್ಕೆ ಮಾತ್ರ ವಿನಾಯಿತಿಯುಂಟು. ಆದ್ದರಿಂದ ಯಂತ್ರ ಮನೆಗೋ ಅಂಗಡಿಗೋ ಎಂಬುದನ್ನು ಬಿಲ್ಲು ಮಾಡಿಸುವಾಗಲೇ ನಿರ್ಧರಿಸುವುದು ವಿವೇಕ.

ಭಾಲ್ಕಿಯವರಿಗೆ ರೈಲಾದರೂ ಉಂಟು. ಔರಾದಿನವರಿಗೆ ಅದೂ ಇಲ್ಲ. ಯಂತ್ರ ಹೊತ್ತು ದೂರದ ಊರಿಗೆ ಹೋಗುವ ಮುನ್ನ ಅರ್ಧ ಗಂಟೆ ಕೂತು ಮೇಲಿನ ಕ್ರಮವನ್ನು ಅನುಸರಿಸಿದರೆ, ಹೋಗುವ ಅಗತ್ಯವೇ ಬೀಳದಿರಬಹುದು. ಬಿದ್ದರೂ ಇಡೀ ಯಂತ್ರದ ಬದಲು ಕೆಟ್ಟ ಭಾಗವೊಂದನ್ನೇ ಚೀಲದಲ್ಲಿಟ್ಟುಕೊಂಡು, ಸೀರಿಯಲ್ ನಂಬರ್ ಇರುವ ಬಿಲ್ಲಿನೊಂದಿಗೆ ಹೋಗಿಬರಬಹುದು. ಹೋಗಲೇಬೇಕಾಗಿ ಇಡೀ ಯಂತ್ರವನ್ನು ಒಯ್ಯುವುದಾದರೆ, ದಯವಿಟ್ಟು ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಅದರ ಪೆಟ್ಟಿಗೆಯಲ್ಲಿಟ್ಟು ಒಯ್ಯಿರಿ.