ರೊಟ್ಟಿಯ ಜಾತ್ರೆಗೆ ಭತ್ತದ ಊರಿನಿಂದ

ಕಳೆದ ಕೆಲವು ವರ್ಷಗಳಿಂದ ನಮ್ಮ ನಗರಗಳಲ್ಲಿ ಆಹಾರ ಮೇಳಗಳಿಗೆ ಬರವಿಲ್ಲ. ಪ್ರವೇಶದ್ವಾರದಲ್ಲಿ ಚೀಟಿ ಪಡೆದು, ಸಾಲು ಮಳಿಗೆಗಳ ನಡುವೆ ನುಗ್ಗಿ, ಜೋಳದ ರೊಟ್ಟಿ, ಎಣ್ಣೆಗಾಯಿ, ನೀರುದೋಸೆ, ಕಡುಬುಗಳನ್ನು ಒಂದೇ ಸಂಜೆಯಲ್ಲಿ ಸವಿದು ಬರುವುದು ಮಧ್ಯಮ ವರ್ಗದ ಹೊಸ ರೂಢಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಸಾಂಪ್ರದಾಯಿಕ ಅಡುಗೆ ಎಂದರೆ ಬರಿಯ ರುಚಿಯೇ? ಅದರ ಹಿಂದೆ ಒಂದು ಹೊಲ, ಒಂದು ಮಳೆ, ಒಂದಷ್ಟು ಕೈಗಳು ಇರುವುದಿಲ್ಲವೇ? 2025ರ ಸಂಕ್ರಾಂತಿಯಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ಕಳೆದ ಎರಡು ದಿನಗಳು ಈ ಪ್ರಶ್ನೆಯನ್ನು ನನ್ನ ತಟ್ಟೆಯಲ್ಲೇ ತಂದಿಟ್ಟವು.

ಜನವರಿ 14ರಂದು ನಾನು ಗಂಗಾವತಿ ಸೀಮೆಯ ಶ್ರೀರಾಮನಗರದ ಗೆಳೆಯರೊಬ್ಬರ ಮನೆಯಲ್ಲಿದ್ದೆ. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಸಿದ್ಧವಾಗಿ ಎಡದಂಡೆ ಕಾಲುವೆಯಲ್ಲಿ ನೀರು ಹರಿಯತೊಡಗಿದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಇಲ್ಲಿಗೆ ಬಂದು ಭೂಮಿ ಕೊಂಡು ನೆಲೆನಿಂತರು. ಅವರು ಕಟ್ಟಿಕೊಂಡ ವಸತಿಗಳನ್ನು ಈ ಭಾಗದಲ್ಲಿ ಇಂದಿಗೂ ‘ಕ್ಯಾಂಪು’ ಎಂದೇ ಕರೆಯುತ್ತಾರೆ. ಶ್ರೀರಾಮನಗರ ಅಂಥ ಕ್ಯಾಂಪುಗಳಲ್ಲಿ ಬೆಳೆದು ದೊಡ್ಡದಾದದ್ದು. ಸುತ್ತ ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ಎರಡನೆಯ ಬೆಳೆಗೆ ನಾಟಿ ಸಾಗಿತ್ತು. ಅಂಗಳದಲ್ಲಿ ಅಗಲವಾದ ರಂಗೋಲಿ, ಅದರ ನಡುವೆ ಹೂ ಮುಡಿದ ಸಗಣಿಯ ಗೊಬ್ಬೆಮ್ಮ. ಒಳಗೆ ಎಲೆಯ ಮೇಲೆ ಪುಲಿಹೊರ, ಅರಿಸೆಲು, ಬಿಸಿ ಅನ್ನಕ್ಕೆ ತುಪ್ಪ ಮತ್ತು ಗೋಂಗೂರ ಪಚ್ಚಡಿ.

ಅರಿಸೆಲು ಬಾಯಿಗಿಟ್ಟೊಡನೆ ಇದು ನಮ್ಮ ಅತ್ತರಸವೇ ಎಂದು ನಾಲಿಗೆ ಗುರುತಿಸಿತು. ಅದೇ ಅಕ್ಕಿಹಿಟ್ಟು, ಅದೇ ಬೆಲ್ಲದ ಪಾಕ. ಗೋಂಗೂರ ಎಂದರೆ ಇಲ್ಲಿನ ಹಳೆಯ ಹಳ್ಳಿಗಳ ಪುಂಡಿಸೊಪ್ಪು. ಕ್ಯಾಂಪಿನಲ್ಲಿ ಅದನ್ನು ಒಣಮೆಣಸಿನೊಂದಿಗೆ ಅರೆದು ಅನ್ನಕ್ಕೆ ಕಲಸಿದರೆ, ಪಕ್ಕದ ಹಳ್ಳಿಯಲ್ಲಿ ಜೋಳದ ನುಚ್ಚು ಹಾಕಿ ಬೇಯಿಸಿ ಪುಂಡಿಪಲ್ಯ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ. ಸೊಪ್ಪು ಒಂದೇ, ಹುಳಿ ಒಂದೇ; ಬೇರೆಯಾದದ್ದು ಧಾನ್ಯ ಮಾತ್ರ. ಆ ವ್ಯತ್ಯಾಸದ ಆಳ ನನಗೆ ತಿಳಿದದ್ದು ಮರುದಿನ.

ಮರುದಿನ ಕೊಪ್ಪಳದಲ್ಲಿ ಗವಿಸಿದ್ಧೇಶ್ವರ ಜಾತ್ರೆಯ ರಥೋತ್ಸವ. ಪ್ರತಿವರ್ಷ ಬನದ ಹುಣ್ಣಿಮೆಯ ಬೆನ್ನಿಗೆ, ಪುಷ್ಯ ಬಹುಳ ಬಿದಿಗೆಯಂದು ತೇರು ಎಳೆಯುತ್ತಾರೆ. ಲಕ್ಷಾಂತರ ಜನ ಸೇರುವ ಈ ಜಾತ್ರೆಯ ನಿಜವಾದ ಹೃದಯ ಇರುವುದು ಅದರ ಮಹಾದಾಸೋಹದಲ್ಲಿ. ಜಾತ್ರೆಗೆ ಮುಂಚಿನ ದಿನಗಳಲ್ಲಿ ಊರೂರಿನ ಮನೆಗಳಲ್ಲಿ ಹೆಂಗಸರು ರೊಟ್ಟಿ ಬಡಿಯುತ್ತಾರೆ. ಖಡಕ್ಕಾಗಿ ಒಣಗಿಸಿದ ಆ ರೊಟ್ಟಿ ಹಲವು ದಿನ ಕೆಡುವುದಿಲ್ಲ. ಎತ್ತಿನ ಬಂಡಿ, ಟ್ರ್ಯಾಕ್ಟರುಗಳಲ್ಲಿ ಅದನ್ನು ಹೇರಿಕೊಂಡು ವಾದ್ಯದೊಂದಿಗೆ ಮೆರವಣಿಗೆಯಲ್ಲಿ ಮಠಕ್ಕೆ ತಂದು ಒಪ್ಪಿಸುತ್ತಾರೆ. ದವಸ, ಬೆಲ್ಲ, ತರಕಾರಿ, ಕಟ್ಟಿಗೆಗಳೂ ಹೀಗೆಯೇ ಬರುತ್ತವೆ. ನನ್ನ ಗೆಳೆಯರು ತಮ್ಮ ಗದ್ದೆಯ ಅಕ್ಕಿಯ ಎರಡು ಚೀಲಗಳನ್ನು ಒಯ್ದಿದ್ದರು.

ಪಂಕ್ತಿಯಲ್ಲಿ ಕುಳಿತಾಗ ತಟ್ಟೆಗೆ ಬಂದದ್ದು ರೊಟ್ಟಿ, ಕಾಳುಪಲ್ಯ, ಚಟ್ನಿ, ಗೋಧಿ ಮತ್ತು ಬೆಲ್ಲದ ಮಾದಲಿ, ಅನ್ನ, ಸಾರು. ಜಾತ್ರೆಯ ಒಂದು ದಿನ ಮಿರ್ಚಿ ಭಜಿ ಬಡಿಸುವ ರೂಢಿಯೂ ಇದೆ. ಅಂದು ಸಾಲಾಗಿ ಉರಿಯುವ ಒಲೆಗಳ ಮುಂದೆ ನೂರಾರು ಜನ ಸ್ವಯಂಪ್ರೇರಣೆಯಿಂದ ನಿಲ್ಲುತ್ತಾರೆ. ಇಲ್ಲಿ ಮಳಿಗೆಯಿಲ್ಲ, ಬೆಲೆಪಟ್ಟಿಯಿಲ್ಲ. ‘ಸಾಂಪ್ರದಾಯಿಕ’ ಎಂಬ ಫಲಕವೂ ಇಲ್ಲ. ಉಣ್ಣುವವನ ಜಾತಿ, ಊರು ಯಾರೂ ಕೇಳುವುದಿಲ್ಲ.

ದೂರದ ಸರ್ಬಿಯಾದಲ್ಲಿ ‘ಸ್ಲಾವ’ ಎಂಬ ಹಬ್ಬವಿದೆ. ಅಲ್ಲಿ ಒಂದೊಂದು ಕುಟುಂಬಕ್ಕೂ ಒಬ್ಬ ರಕ್ಷಕ ಸಂತ. ಆತನ ದಿನದಂದು ಮನೆಯಲ್ಲಿ ವಿಶೇಷವಾದ ಬ್ರೆಡ್ ಮಾಡಿ, ಅದರ ಮೇಲೆ ದ್ರಾಕ್ಷಾರಸ ಸುರಿದು, ಮುರಿದು ಹಂಚುತ್ತಾರೆ. ಬೇಯಿಸಿದ ಗೋಧಿಯ ಸಿಹಿಯನ್ನು ಬಂದವರಿಗೆಲ್ಲ ಕೊಡುತ್ತಾರೆ. ಈ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಗೊತ್ತಿದ್ದವರು ತಾವಾಗಿಯೇ ಬರುತ್ತಾರೆ. ಯುನೆಸ್ಕೊ 2014ರಲ್ಲಿ ಇದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅನ್ನದ ಮುಂದೆ ಆಹ್ವಾನ ಪತ್ರಿಕೆ ಬೇಡವೆಂಬ ಈ ನಿಯಮ ಕೊಪ್ಪಳದ ಜಾತ್ರೆಗೆ ಬಂದವರಿಗೆ ಹೊಸದೇನಲ್ಲ.

ಆದರೆ ನನ್ನ ಪಕ್ಕದಲ್ಲಿ ಕುಳಿತಿದ್ದ ಯಲಬುರ್ಗಾ ಕಡೆಯ ಮುದುಕಿಯೊಬ್ಬರ ಮಾತು ಈ ಸಂಭ್ರಮದ ಇನ್ನೊಂದು ಮುಖವನ್ನು ತೋರಿಸಿತು. ‘ಮನ್ಯಾಗ ನೂರು ರೊಟ್ಟಿ ಬಡದು ಕಳಿಸೀವಿ. ಮೊದಲ ಜ್ವಾಳ ನಮ್ಮ ಹೊಲದ್ದ ಇರ್ತಿತ್ತು. ಈಗ ಸಂತ್ಯಾಗ ಕೊಂಡು ತಂದು ಬಡದೀವಿ ತಮ್ಮಾ’ ಎಂದರು ಆ ತಾಯಿ. ‘ಸೊಸಿ ಬಡಿಯೂದಿಲ್ಲೇನವ್ವಾ?’ ಎಂದೆ. ‘ಬಡೀತಾಳ. ಆದ್ರ ಮೊಮ್ಮಕ್ಕಳು ಅನ್ನಾನ ಕೇಳ್ತಾವ. ಉಣ್ಣೋರಿಲ್ಲಂದ್ರ ದಿನಾ ಯಾರಿಗಂತ ಬಡೀಬೇಕು?’ ಎಂದು ನಕ್ಕರು.

ಬಿಳಿಜೋಳ ಹಿಂಗಾರಿನ ಬೆಳೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿದರೆ ಎರೆಭೂಮಿ ಹಿಡಿದಿಟ್ಟುಕೊಂಡ ತೇವದಲ್ಲೇ ಬೆಳೆದು ತೆನೆಯಾಗುತ್ತದೆ. ಕಾಳು ಮನುಷ್ಯರಿಗೆ, ಕಣಿಕೆ ದನಗಳಿಗೆ. ದನ ಕಡಿಮೆಯಾದಂತೆ ಕಣಿಕೆಯ ಬೆಲೆ ಮನೆಯ ಮಟ್ಟಿಗೆ ಕುಸಿಯಿತು. ಕೊಯ್ಲಿನ ಕೂಲಿ ಏರಿತು. ಹಕ್ಕಿ ಕಾಯುವವರು ಇಲ್ಲವಾದರು. ಇನ್ನೊಂದು ಕಡೆ 2013ರ ಅನ್ನಭಾಗ್ಯದಂಥ ಯೋಜನೆಗಳು ಬಡವರ ಹಸಿವನ್ನು ನೀಗಿಸಿದವು. ಅದು ಸಣ್ಣ ಸಾಧನೆಯಲ್ಲ. ಆದರೆ ಪಡಿತರದ ಚೀಲದಲ್ಲಿ ಬಹುಕಾಲ ಮುಖ್ಯವಾಗಿ ಬಂದದ್ದು ಅಕ್ಕಿ. ಜೋಳದ ಸೀಮೆಯ ಮಕ್ಕಳು ಅನ್ನದ ಮಕ್ಕಳಾದರು.

ಈ ಬದಲಾವಣೆಗೆ ಶ್ರೀರಾಮನಗರದ ರೈತರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಬಂಜರು ಬಿದ್ದಿದ್ದ ನೆಲವನ್ನು ಹದಮಾಡಿ ಗಂಗಾವತಿಗೆ ‘ಭತ್ತದ ಕಣಜ’ವೆಂಬ ಹೆಸರು ಬರುವುದರಲ್ಲಿ ಅವರ ಬೆವರಿನ ಪಾಲು ದೊಡ್ಡದು. ಹಾಗೆಂದು ಮರೆಯಬಾರದ ಸಂಗತಿಯೊಂದಿದೆ. ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗಾಗಿ. ಮೇಲ್ಭಾಗದಲ್ಲಿ ಭತ್ತ ಹರಡಿದಂತೆ ಕೊನೆಯ ಭಾಗದ ಮಾನ್ವಿ, ರಾಯಚೂರಿನ ರೈತರು ನೀರಿಗಾಗಿ ಬೀದಿಗಿಳಿಯುವುದು ವರ್ಷದ ವಾಡಿಕೆಯಾಯಿತು. ನೀರಿನ ಭರವಸೆಯೂ ಎಷ್ಟು ತೆಳ್ಳಗಿನದೆಂದು 2024ರ ಆಗಸ್ಟ್ 10ರ ರಾತ್ರಿ ಕಂಡೆವು. ತುಂಬಿದ ಜಲಾಶಯದ 33 ಗೇಟುಗಳ ಪೈಕಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂರಿಸುವವರೆಗೆ ಕ್ಯಾಂಪುಗಳಲ್ಲಿ ಯಾರಿಗೂ ನಿದ್ದೆಯಿರಲಿಲ್ಲವೆಂದು ಗೆಳೆಯರು ನೆನೆದರು. ಒಂದು ಸರಪಳಿಗೆ ಇಡೀ ಸೀಮೆಯ ಅನ್ನ ಜೋತುಬಿದ್ದಿರುವುದು ಯಾರಿಗೂ ಕ್ಷೇಮವಲ್ಲ. ಹೊಲದಲ್ಲಿ ಜೋಳವೂ ಇದ್ದರೆ ಭತ್ತದ ರೈತನಿಗೂ ಅದು ಆಸರೆ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಮೇಳಗಳು ನಡೆದವು, ಭಾಷಣಗಳಾದವು. ಮೇಳ ಮುಗಿದ ಮೇಲೆ ಉಳಿಯಬೇಕಾದದ್ದು ಮೂರು ಕೆಲಸ. ಜೋಳವನ್ನು ಬೆಂಬಲ ಬೆಲೆಗೆ ಸಕಾಲದಲ್ಲಿ ಕೊಂಡು ಆಯಾ ಜಿಲ್ಲೆಯ ಪಡಿತರಕ್ಕೇ ಕೊಡಬೇಕು. ಶಾಲೆ ಮತ್ತು ವಿದ್ಯಾರ್ಥಿನಿಲಯಗಳ ಊಟದಲ್ಲಿ ವಾರಕ್ಕೆ ಕೆಲವು ದಿನವಾದರೂ ರೊಟ್ಟಿ ಇರಬೇಕು. ನಾಲಿಗೆಯ ರೂಢಿ ಎಳವೆಯಲ್ಲೇ ಬೇರೂರುವಂಥದು. ರೊಟ್ಟಿ ಬಡಿಯುವ ಕೈಗಳಿಗೆ ತಕ್ಕ ಕೂಲಿ ಸಿಗಬೇಕು. ಕಲಬುರಗಿಯಲ್ಲಿ ಮಹಿಳೆಯರ ಸ್ವಸಹಾಯ ಗುಂಪುಗಳು ರೊಟ್ಟಿಯನ್ನು ತಮ್ಮ ಊರಿನ ಹೆಸರಿನಲ್ಲೇ ಮಾರುಕಟ್ಟೆಗೆ ತಂದಿರುವುದು ಒಳ್ಳೆಯ ಮೇಲ್ಪಂಕ್ತಿ. ಅಡುಗೆಯ ಪರಂಪರೆ ಎಂಬ ಹೆಸರಿನಲ್ಲಿ ಹೆಂಗಸರ ದುಡಿಮೆಯನ್ನು ಪುಕ್ಕಟೆ ಪಡೆಯುವ ಕಾಲ ಮುಗಿದಿದೆ.

ಸಂಜೆ ತೇರು ಸಾಗಿದ ಮೇಲೆ ನಾವು ಹಿಂದಿರುಗಿದೆವು. ಗೆಳೆಯರ ತಾಯಿ ಮೊಮ್ಮಗಳಿಗಾಗಿ ಪ್ರಸಾದದ ರೊಟ್ಟಿಯೊಂದನ್ನು ಸೆರಗಿನಲ್ಲಿ ಕಟ್ಟಿ ತಂದಿದ್ದರು. ರಾತ್ರಿ ಅದನ್ನು ಮುರಿದು, ಹಿಂದಿನ ದಿನದ ಗೋಂಗೂರ ಪಚ್ಚಡಿಯನ್ನು ಹಚ್ಚಿ ಎಲ್ಲರಿಗೂ ಒಂದೊಂದು ಚೂರು ಕೊಟ್ಟರು. ಬಹಳ ಚೆನ್ನಾಗಿತ್ತು. ಕ್ಯಾಂಪು ಮತ್ತು ಹಳ್ಳಿ ಎಪ್ಪತ್ತು ವರ್ಷಗಳಲ್ಲಿ ಕಲಿತ ಸಹಬಾಳ್ವೆ ಆ ತುತ್ತಿನಲ್ಲಿತ್ತು. ಆ ತುತ್ತು ಮುಂದಿನವರಿಗೂ ಸಿಗಬೇಕಾದರೆ ರೊಟ್ಟಿ ಜಾತ್ರೆಯಲ್ಲಿದ್ದರಷ್ಟೇ ಸಾಲದು, ಜೋಳ ಹೊಲದಲ್ಲಿರಬೇಕು.