ಮುಂಬೈ ಮೈದಾನದಲ್ಲಿ ಬೆಂಗಳೂರಿನ ಗೋಲು
ಪರೇಲಿನ ಸೇಂಟ್ ಝೇವಿಯರ್ಸ್ ಮೈದಾನದಲ್ಲಿ ಲೀಗ್ ಪಂದ್ಯ ನೋಡಿ ಬೆಳೆದವರಿಗೆ ಗೊತ್ತು, ಮುಂಬೈ ಫುಟ್‌ಬಾಲ್ ಇಂಡಿಯನ್ ಸೂಪರ್ ಲೀಗ್‌ನಿಂದ (ಐಎಸ್‌ಎಲ್) ಹುಟ್ಟಿದ್ದಲ್ಲ. 1891ರಲ್ಲಿ ಈ ನಗರದಲ್ಲಿ ಶುರುವಾದ ರೋವರ್ಸ್ ಕಪ್ಪನ್ನು ದಶಕಗಟ್ಟಲೆ ಬ್ರಿಟಿಷ್ ಸೇನಾ ತಂಡಗಳೇ ಹೊತ್ತೊಯ್ದವು. 1937ರಲ್ಲಿ ಅದನ್ನು ಕಸಿದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ ಅವರದೇ. ಎಂಥ ಎದೆಗಾರಿಕೆ!

ಹೊರಗಿನವರ ಗೆಲುವು ಮುಂಬೈ ಚರಿತ್ರೆ ಹೇಗಾದೀತು, ಅವರು ವೃತ್ತಿಪರರೂ ಅಲ್ಲವಲ್ಲ ಎನ್ನಬಹುದು. ವೃತ್ತಿಪರ ಯುಗವನ್ನೇ ನೋಡಿ: 2019ರ ಮಾರ್ಚ್ 17, ಅಂಧೇರಿಯಲ್ಲಿ ಐಎಸ್‌ಎಲ್ ಫೈನಲ್. ಗೋವಾ ವಿರುದ್ಧ ಬೆಂಗಳೂರಿನ ಆಟ ಗೋಲಿಲ್ಲದೆ ಹೆಚ್ಚುವರಿ ಸಮಯಕ್ಕೆ. 117ನೇ ನಿಮಿಷದಲ್ಲಿ ದಿಮಾಸ್ ಡೆಲ್ಗಾಡೊ ಕಾರ್ನರ್, ರಾಹುಲ್ ಭೇಕೆ ಹೆಡರ್, ಬೆಂಗಳೂರಿಗೆ ಕಿರೀಟ. ಭೇಕೆ ಮುಂಬೈ ಹುಡುಗ. ಮುಂಬೈ ಸಿಟಿ ತನ್ನ ಎರಡೂ ಐಎಸ್‌ಎಲ್ ಕಪ್ ಎತ್ತಿದ್ದು ಗೋವಾ, ಕೋಲ್ಕತ್ತಾಗಳಲ್ಲಿ. ಹಾಗಾಗಿ ಅಂಧೇರಿಯ ಆ ಗೋಲನ್ನು ಈ ನಗರದ ಲೆಕ್ಕಕ್ಕೂ ಸೇರಿಸಲೇಬೇಕು.